ಪುಸ್ತಕ ಹಾಗೇ ಇರಲಿ, ಪಾಠ ಬದಲಾಗಲಿ

ಹಿಂದಿನ ಕಾಲದ ಒಂದು ಒಳ್ಳೆಯ ಪುಸ್ತಕ. ಅದರಲ್ಲಿ ಇಂದು ಯಾರೂ ಆಡಬಾರದ ಒಂದು ಪದ. ಆ ಪುಸ್ತಕವನ್ನು ಇಂದಿನ ಮಕ್ಕಳ ಕೈಗೆ ಕೊಡುವಾಗ ಪದ ಬದಲಿಸಿ ಕೊಡಬೇಕೇ, ಇದ್ದ ಹಾಗೆಯೇ ಕೊಡಬೇಕೇ? ಈ ಸಲದ ಬೋಧನಾಭ್ಯಾಸದಲ್ಲಿ ನಮ್ಮ ತಂಡಕ್ಕೆ ಎದುರಾದ ಪ್ರಶ್ನೆ ಇದು. ನಾನು ವಿಜ್ಞಾನ ವಿಷಯದ ಪ್ರಶಿಕ್ಷಣಾರ್ಥಿ. ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಬಂದವನು. ಸಾಹಿತ್ಯದ ವಿಚಾರದಲ್ಲಿ ನನಗೇನು ಕೆಲಸ ಎಂದು ಕನ್ನಡ ವಿಷಯದ ಗೆಳೆಯರು ಕೇಳಬಹುದು. ಆದರೆ ಪ್ರಯೋಗಾಲಯದಲ್ಲಿ ಕಲಿತ ಒಂದು ನಿಯಮ ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ನೆರವಾಯಿತು. ಅದನ್ನು ಮಾರ್ಗದರ್ಶಕರ ಮತ್ತು ಸಹಪ್ರಶಿಕ್ಷಣಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಎದ್ದಿರುವುದಲ್ಲ. 2011ರಲ್ಲಿ ಅಮೆರಿಕದ ಅಲಬಾಮಾದ ಒಂದು ಪ್ರಕಾಶನ ಸಂಸ್ಥೆ ಮಾರ್ಕ್ ಟ್ವೇನ್‌ನ ‘ಹಕಲ್‌ಬೆರಿ ಫಿನ್’ ಕಾದಂಬರಿಯ ಹೊಸ ಆವೃತ್ತಿ ತಂದಿತು. ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಪದವಿದ್ದ ಕಡೆಯೆಲ್ಲ ‘ಗುಲಾಮ’ ಎಂಬ ಅರ್ಥದ ಪದವನ್ನು ಅದರಲ್ಲಿ ಹಾಕಲಾಯಿತು. ಶಾಲೆಗಳು ಆ ಪದಕ್ಕೆ ಹೆದರಿ ಪುಸ್ತಕವನ್ನೇ ಕೈಬಿಡುತ್ತಿವೆ, ಇದರಿಂದ ಮಕ್ಕಳು ಪುಸ್ತಕವನ್ನಾದರೂ ಓದುತ್ತಾರೆ ಎಂಬುದು ಸಂಪಾದಕರ ವಾದ. 2023ರಲ್ಲಿ ಇಂಗ್ಲೆಂಡಿನಲ್ಲಿ ರೋಲ್ಡ್ ಡಾಲ್ ಅವರ ಮಕ್ಕಳ ಪುಸ್ತಕಗಳಲ್ಲಿ ದಪ್ಪಗಿರುವವರ ಬಗ್ಗೆ, ಹೆಂಗಸರ ಬಗ್ಗೆ ಇದ್ದ ಹಲವು ಮಾತುಗಳನ್ನು ಬದಲಿಸಿದ ಸುದ್ದಿ ಬಂದಾಗ ದೊಡ್ಡ ಗದ್ದಲವಾಯಿತು. ಕೊನೆಗೆ ಪ್ರಕಾಶಕರು ಹಳೆಯ ರೂಪವನ್ನೂ ಬೇರೆಯಾಗಿ ಅಚ್ಚು ಮಾಡುವುದಾಗಿ ಹೇಳಬೇಕಾಯಿತು. ಅವರಿಗೆ ಅಲ್ಲಿ ಬಣ್ಣದ ಪ್ರಶ್ನೆ ಇದ್ದಂತೆ ನಮಗೆ ಇಲ್ಲಿ ಜಾತಿಯ ಪ್ರಶ್ನೆ ಇದೆ.

ನಮ್ಮ ತಂಡಕ್ಕೆ ಇದು ಎದುರಾದದ್ದು ಸುಂಕದಕಟ್ಟೆಯ ಒಂದು ಪ್ರೌಢಶಾಲೆಯಲ್ಲಿ. ಮಾಗಡಿ ರಸ್ತೆಯ ಈ ಭಾಗದ ಶಾಲೆಗಳನ್ನು ನೋಡಿದವರಿಗೆ ತರಗತಿಯ ಚಿತ್ರ ಗೊತ್ತಿರುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ, ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ತಂದೆಯರ ಮಕ್ಕಳು. ತುಮಕೂರು, ಮಂಡ್ಯದಿಂದ ಬಂದವರ ಪಕ್ಕದಲ್ಲೇ ಕೊಪ್ಪಳ, ರಾಯಚೂರಿನಿಂದ ಬಂದವರು. ಒಂದೇ ಬೆಂಚಿನಲ್ಲಿ ಮೂರು ಬಗೆಯ ಕನ್ನಡ. ಕನ್ನಡ ವಿಷಯದ ನನ್ನ ಸಹಪ್ರಶಿಕ್ಷಣಾರ್ಥಿಯೊಬ್ಬರು ಒಂಬತ್ತನೆಯ ತರಗತಿಯ ವಾಚನಾಲಯ ಅವಧಿಯಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ಯ ಕೆಲವು ಪುಟ ಓದಿಸಲು ಸಿದ್ಧತೆ ಮಾಡಿಕೊಂಡಿದ್ದರು. ಸಹಪಾಠಿ ವೀಕ್ಷಣೆಗೆಂದು ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಹಿಂದಿನ ದಿನ ಪಾಠಯೋಜನೆ ನೋಡಿದ ಹಿರಿಯ ಶಿಕ್ಷಕಿಯೊಬ್ಬರು ಕಾಳಜಿಯಿಂದಲೇ ಒಂದು ಸಲಹೆ ಕೊಟ್ಟಿದ್ದರು. “ಜಾತಿ ಹೆಸರು ಬಂದ ಕಡೆ ‘ದಲಿತ’ ಅಂತ ಓದ್ಕೊಂಡು ಹೋಗಿಬಿಡಮ್ಮ. ಯಾರಾದ್ರೂ ಮನೇಲಿ ಹೋಗಿ ಹೇಳಿದ್ರೆ ನಾಳೆ ಗಲಾಟೆ.” ಅವರು ಹಾಗೆಯೇ ಓದಿದರು. ಎರಡನೆಯ ಸಲ ಆ ಪದ ಬಂದಾಗ, ವಾಚನಾಲಯದ ಇನ್ನೊಂದು ಪ್ರತಿ ಹಿಡಿದಿದ್ದ ಹುಡುಗ ಎದ್ದು ನಿಂತ. “ಮಿಸ್, ಬುಕ್‌ನ್ಯಾಗ ಬ್ಯಾರೆ ಐತ್ರಿ.” ತರಗತಿಯೆಲ್ಲ ಆ ಪುಸ್ತಕದ ಮೇಲೆ ಬಾಗಿತು. ಯಾರೋ ಪದವನ್ನು ಪಿಸುಗುಟ್ಟಿದರು, ಇನ್ಯಾರೋ ನಕ್ಕರು, ನಾಲ್ಕಾರು ತಲೆಗಳು ಒಂದೇ ಕಡೆ ತಿರುಗಿದವು. ತಿರುಗಿದ ಕಡೆ ಕುಳಿತಿದ್ದ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಏನೋ ಬರೆಯುವವಳಂತೆ ತಲೆ ತಗ್ಗಿಸಿದಳು.

ಪದ ಮುಚ್ಚಿದ್ದರಿಂದ ಆ ಹುಡುಗಿಗೆ ರಕ್ಷಣೆ ಸಿಗಲಿಲ್ಲ. ಮುಚ್ಚಿಟ್ಟದ್ದು ಹೊರಬಂದಾಗ ಅದಕ್ಕೆ ಇನ್ನಷ್ಟು ಬಲ ಬಂತು. ಇದು ಒಂದು ತರಗತಿಯ ಅನುಭವ, ಇಷ್ಟರಿಂದಲೇ ಸಿದ್ಧಾಂತ ಕಟ್ಟಲಾಗದು. ಆದ್ದರಿಂದ ಆ ಬದಲಾವಣೆಯನ್ನೇ ಸ್ವಲ್ಪ ಪರೀಕ್ಷಿಸೋಣ.

‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ‘ದಲಿತ’ ಎಂಬ ಪದ ಕರ್ನಾಟಕದಲ್ಲಿ ಮನೆಮಾತಾದದ್ದು 1970ರ ದಶಕದ ಚಳವಳಿಯೊಂದಿಗೆ. ಅದು ಹೋರಾಟಗಾರರು ತಮಗೆ ತಾವೇ ಇಟ್ಟುಕೊಂಡ ಹೆಸರು. ಅದನ್ನು 1933ರ ಹಳ್ಳಿಯ ಒಡೆಯರ ಬಾಯಿಗೆ ಹಾಕಿದರೆ ಎರಡು ಸುಳ್ಳು ಒಟ್ಟಿಗೆ ಹೇಳಿದಂತಾಗುತ್ತದೆ. ಒಡೆಯರಿಗೆ ಅವರಲ್ಲಿಲ್ಲದ ಸೌಜನ್ಯ ಕೊಟ್ಟಂತಾಗುತ್ತದೆ. ಆ ಹೆಸರನ್ನು ಹೋರಾಡಿ ಪಡೆದವರಿಂದ ಅದನ್ನು ಕಿತ್ತು, ಮೊದಲಿನಿಂದಲೂ ಇತ್ತು ಎಂದು ತೋರಿಸಿದಂತೆಯೂ ಆಗುತ್ತದೆ. ಮಗು ಪಾಠದಿಂದ ಕಲಿಯುವುದೇನು? ಚೋಮನನ್ನು ಎಲ್ಲರೂ ಗೌರವದಿಂದಲೇ ಕರೆಯುತ್ತಿದ್ದರು, ಪಾಪ, ಅವನಿಗೆ ಭೂಮಿ ಮಾತ್ರ ಸಿಗಲಿಲ್ಲ ಎಂದು.

ಕಾದಂಬರಿಯ ಕಥೆ ನಿಂತಿರುವುದೇ ಆ ಪದದ ಮೇಲೆ. ಚೋಮನ ಬಳಿ ಎತ್ತುಗಳಿವೆ, ದುಡಿಯುವ ತೋಳಿದೆ, ಆದರೂ ಬೇಸಾಯಕ್ಕೆ ತುಂಡು ಭೂಮಿ ಸಿಗುವುದಿಲ್ಲ. ಹೊಳೆಯಲ್ಲಿ ಮುಳುಗುತ್ತಿರುವ ಅವನ ಮಗನನ್ನು ಮುಟ್ಟಿ ಎತ್ತಲು ಯಾರೂ ಮುಂದೆ ಬರುವುದಿಲ್ಲ. ಯಾಕೆ ಎಂಬುದಕ್ಕೆ ಪುಸ್ತಕದಲ್ಲಿರುವ ಉತ್ತರ ಆ ಜಾತಿಯ ಹೆಸರು. ವಿಜ್ಞಾನದ ತರಗತಿಯಲ್ಲಿ ನಾವು ಮಕ್ಕಳಿಗೆ ದಿನವೂ ಹೇಳುವುದು ಕಾರಣ ಮತ್ತು ಪರಿಣಾಮದ ಸಂಬಂಧವನ್ನು. ಪರಿಣಾಮವನ್ನು ಹಾಗೇ ಬಿಟ್ಟು ಕಾರಣವನ್ನು ಒರೆಸಿದರೆ, ಹುಡುಗ ಮುಳುಗಿದ್ದು ಆಕಸ್ಮಿಕವಾಗಿ ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದೂ ನನ್ನ ವಿಷಯದ ಕಡೆಯಿಂದಲೇ. ವಿಜ್ಞಾನದ ಪುಸ್ತಕಗಳನ್ನು ನಾವು ತಿದ್ದುತ್ತಲೇ ಇರುತ್ತೇವಲ್ಲ? 2006ರಲ್ಲಿ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದ ಮೇಲೆ ಪಠ್ಯಪುಸ್ತಕಗಳು ಬದಲಾದವು, ಯಾರೂ ಅದನ್ನು ಅಪಚಾರ ಎನ್ನಲಿಲ್ಲ. ಸಾಹಿತ್ಯಕ್ಕೆ ಮಾತ್ರ ಯಾಕೆ ಮಡಿ?

ವಿಜ್ಞಾನದ ಪಠ್ಯಪುಸ್ತಕ ಇಂದು ನಮಗೆ ತಿಳಿದಿರುವುದನ್ನು ಹೇಳಲು ಇದೆ. ತಿಳಿವಳಿಕೆ ಬದಲಾದಾಗ ಅದು ಬದಲಾಗಬೇಕು. ಆದರೆ ವಿಜ್ಞಾನದ ಮೂಲ ಗ್ರಂಥಗಳನ್ನು ಯಾರೂ ಹಾಗೆ ತಿದ್ದುವುದಿಲ್ಲ. ಡಾರ್ವಿನ್ ತನ್ನ ಜೀವಿಜಾತಿಗಳ ಉಗಮದ ಪುಸ್ತಕವನ್ನು 1859ರಿಂದ 1872ರವರೆಗೆ ಆರು ಆವೃತ್ತಿಗಳಲ್ಲಿ ತಾನೇ ತಿದ್ದಿದ. ‘ಸಮರ್ಥರ ಉಳಿವು’ ಎಂದು ನಾವು ಕನ್ನಡದಲ್ಲಿ ಹೇಳುವ ಮಾತು ಅದರಲ್ಲಿ ಸೇರಿದ್ದು 1869ರ ಐದನೆಯ ಆವೃತ್ತಿಯಲ್ಲಿ. ಇದು ನಮಗೆ ಗೊತ್ತಿರುವುದು ಪ್ರತಿ ಆವೃತ್ತಿಯೂ ತನ್ನ ವರ್ಷದೊಂದಿಗೆ ಹಾಗೆಯೇ ಉಳಿದಿರುವುದರಿಂದ. ಅನುವಂಶೀಯತೆಯ ಬಗ್ಗೆ ಡಾರ್ವಿನ್‌ನ ಊಹೆಗಳು ಮುಂದೆ ತಪ್ಪೆಂದು ತಿಳಿದವು. ಅವನ ಪುಸ್ತಕದೊಳಗೆ ಮೆಂಡೆಲನ ನಿಯಮಗಳನ್ನು ಸೇರಿಸಿ ಅಚ್ಚು ಮಾಡುವ ಯೋಚನೆ ಯಾರಿಗೂ ಬಂದಿಲ್ಲ.

ಇನ್ನು ಆರಂಭದಲ್ಲಿ ಹೇಳಿದ ಪ್ರಯೋಗಾಲಯದ ನಿಯಮ. ಅವಲೋಕನ ಪುಸ್ತಕದಲ್ಲಿ ಒಂದು ಅಳತೆ ತಪ್ಪಾಗಿ ಬರೆದರೆ ರಬ್ಬರಿನಿಂದ ಅಳಿಸುವಂತಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆಯಬೇಕು. ಗೆರೆಯ ಕೆಳಗಿನ ಅಂಕಿ ಓದಲು ಬರುವಂತಿರಬೇಕು. ಎಲ್ಲಿ, ಹೇಗೆ ತಪ್ಪಿತು ಎಂದು ಮುಂದೆ ನೋಡುವವರಿಗೆ ತಿಳಿಯಲಿ ಎಂಬುದೇ ಇದರ ಉದ್ದೇಶ. ಹಳೆಯ ಪುಸ್ತಕಗಳ ವಿಷಯದಲ್ಲಿ ನನ್ನ ನಿಲುವೂ ಇದೇ. ಪಕ್ಕದಲ್ಲಿ ಎಷ್ಟು ಬೇಕಾದರೂ ಬರೆಯೋಣ, ಕೆಳಗಿನದನ್ನು ಅಳಿಸುವುದು ಬೇಡ.

ಕನ್ನಡ ಅಧ್ಯಾಪಕರೊಬ್ಬರೊಂದಿಗೆ ಇದನ್ನು ಹೇಳಿದಾಗ, ಈ ನಿಯಮ ಕನ್ನಡಕ್ಕೆ ಹೊಸದೇನೂ ಅಲ್ಲ ಎಂದರು. ಓಲೆಗರಿಗಳಿಂದ ಹಳೆಯ ಕಾವ್ಯಗಳನ್ನು ಅಚ್ಚಿಗೆ ತಂದ ವಿದ್ವಾಂಸರು ತಮಗೆ ಸರಿ ಎನಿಸಿದ ಪಾಠವನ್ನು ಮೇಲೆ ಕೊಟ್ಟು, ಬೇರೆ ಪ್ರತಿಗಳಲ್ಲಿದ್ದ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಿದ್ದರಂತೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಅವರೇ ಕೈಗೆ ಕೊಟ್ಟರು. ಓಲೆಗರಿಯಲ್ಲಿ ಇಲ್ಲದ ಪದವಿಂಗಡಣೆ, ಈಗ ಬಳಕೆಯಲ್ಲಿಲ್ಲದ ಅಕ್ಷರಗಳ ಬದಲಾವಣೆ, ಇವೆಲ್ಲ ಸಂಪಾದಕರು ಓದುಗರಿಗಾಗಿ ಮಾಡಿದ ಕೆಲಸವೇ. ಹಾಗಾಗಿ ‘ಏನನ್ನೂ ಮುಟ್ಟಬಾರದು’ ಎಂಬುದು ನನ್ನ ವಾದವಲ್ಲ. ಮುಟ್ಟಿದ್ದನ್ನು ಹೇಳಬೇಕು, ಅಷ್ಟೇ.

ಹೇಳಿ ಮುಟ್ಟಿದ ಉದಾಹರಣೆಗಳು ಕನ್ನಡದಲ್ಲಿ ಬೇಕಾದಷ್ಟಿವೆ. ತೀ.ನಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು ಅಡಕಗೊಳಿಸಿದಾಗ ಅದರ ಹೆಸರು ‘ಗದಾಯುದ್ಧ ಸಂಗ್ರಹಂ’. ಎಲ್. ಬಸವರಾಜು ಅವರು ಪಂಪನನ್ನು ಇಂದಿನ ಓದುಗರಿಗೆ ತಂದಾಗ ಅದು ‘ಸರಳ ಪಂಪಭಾರತ’. ‘ಸಂಗ್ರಹ’, ‘ಸರಳ’ ಎಂಬ ಒಂದು ಪದ ಮುಖಪುಟದಲ್ಲೇ ಇದೆ. ಮೂಲ ಬೇರೆ ಇದೆ, ಬೇಕಾದವರು ಅಲ್ಲಿಗೆ ಹೋಗಿ ಎಂದು ಅದು ದಾರಿ ತೋರುತ್ತದೆ.

ಮೂಲದ ಕಥೆಯೇ ಒಪ್ಪಿಗೆಯಾಗದವರು ತಮ್ಮ ಹೆಸರಿನಲ್ಲಿ ಹೊಸದನ್ನು ಬರೆದಿದ್ದಾರೆ. ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದ. ವ್ಯಾಸಭಾರತದೊಳಗೆ ಹೋಗಿ ಆ ಭಾಗವನ್ನು ಹರಿಯಲಿಲ್ಲ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ತಪಸ್ಸು ಮಾಡಿದ ಶೂದ್ರ ಶಂಬೂಕನನ್ನು ರಾಮ ಕೊಲ್ಲುತ್ತಾನೆ. ಕುವೆಂಪು ಅವರಿಗೆ ಇದು ಒಪ್ಪಿಗೆಯಾಗದೆ 1944ರಲ್ಲಿ ‘ಶೂದ್ರ ತಪಸ್ವಿ’ ನಾಟಕ ಬರೆದರು. ಅದರಲ್ಲಿ ಶಂಬೂಕ ಸಾಯುವುದಿಲ್ಲ. ಹಳೆಯ ಕಥೆಯನ್ನು ಹೀಗೆ ಬದಲಿಸಬಹುದೇ ಎಂದು ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು. ಆ ಚರ್ಚೆ ನಡೆಯಲು ಸಾಧ್ಯವಾದದ್ದು ಎರಡು ಕಥೆಗಳೂ ಓದುಗರ ಮುಂದೆ ಇದ್ದುದರಿಂದ. ಕುವೆಂಪು ವಾಲ್ಮೀಕಿಯ ಪುಸ್ತಕದಲ್ಲೇ ಸದ್ದಿಲ್ಲದೆ ಶಂಬೂಕನನ್ನು ಉಳಿಸಿಬಿಟ್ಟಿದ್ದರೆ, ಶಂಬೂಕನಿಗೆ ಅನ್ಯಾಯವಾಗಿತ್ತು ಎಂಬ ಸಂಗತಿಯೇ ಮರೆಯಾಗುತ್ತಿತ್ತು.

ಇದಕ್ಕೆ ವಿರುದ್ಧವಾದ ಪ್ರಕರಣವೂ ನಮ್ಮಲ್ಲೇ ನಡೆದಿದೆ. ಮಾತೆ ಮಹಾದೇವಿಯವರ ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ವಚನಗಳ ‘ಕೂಡಲಸಂಗಮದೇವ’ ಎಂಬ ಅಂಕಿತದ ಜಾಗದಲ್ಲಿ ‘ಲಿಂಗದೇವ’ ಎಂದು ಬಂತು. ಬಸವಣ್ಣನವರ ತತ್ತ್ವಕ್ಕೆ ಅದೇ ಸರಿಯಾದ ಅಂಕಿತ ಎಂಬುದು ಅವರ ನಿಲುವು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2017ರಲ್ಲಿ ನಿಷೇಧ ಉಳಿಯಿತು. ಪುಸ್ತಕ ನಿಷೇಧ ಸರಿಯೇ ಎಂಬುದು ಬೇರೆಯೇ ಚರ್ಚೆ. ತಮ್ಮ ತತ್ತ್ವವಿವರಣೆಯನ್ನು ಅವರು ವಚನದ ಕೆಳಗೆ ಎಷ್ಟು ಪುಟ ಬೇಕಾದರೂ ಬರೆಯಬಹುದಿತ್ತು. ವಚನದ ಒಳಗೆ ಕೈಹಾಕಿದ್ದರಿಂದ, ಇದು ಯಾರ ಮಾತು ಎಂಬ ಪ್ರಶ್ನೆ ಎದ್ದಿತು. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದ್ದರಿಂದ, ಅವರ ನಂತರದವರೂ ಹಲವು ಸಂಪಾದನೆಗಳನ್ನು ತಂದಿದ್ದರಿಂದ ನಾವು ಹೋಲಿಸಿ ನೋಡಬಹುದು. ಹೋಲಿಸಲು ಏನೂ ಉಳಿಯದ ಕಾಲ ಬಂದರೆ?

ತಿದ್ದುವ ಅಧಿಕಾರ ಯಾವಾಗಲೂ ನಮಗೆ ಇಷ್ಟವಾದವರ ಕೈಯಲ್ಲೇ ಇರುತ್ತದೆ ಎಂಬ ಭರವಸೆಯೂ ಇಲ್ಲ. 2022ರಲ್ಲಿ ನಮ್ಮ ರಾಜ್ಯದ ಪಠ್ಯಪುಸ್ತಕಗಳು ಪರಿಷ್ಕರಣೆಯಾದವು, ದೇವನೂರ ಮಹಾದೇವ ಅವರು ತಮ್ಮ ಬರಹದ ಬಳಕೆಗೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಮತ್ತೆ ಪಾಠಗಳು ಬದಲಾದವು. ಯಾವ ಪಾಠ ಇರಬೇಕು, ಯಾವುದು ಬೇಡ ಎಂಬುದು ಆಯ್ಕೆಯ ಪ್ರಶ್ನೆ. ಅದರ ಬಗ್ಗೆ ಬಹಿರಂಗವಾಗಿ ವಾದ ಮಾಡಬಹುದು, ನಾವು ಮಾಡಿದೆವು ಕೂಡ. ಲೇಖಕರ ವಾಕ್ಯದೊಳಗೇ ಪದ ಬದಲಾದರೆ ವಾದ ಮಾಡಲು ಅದು ಯಾರಿಗೂ ಕಾಣಿಸುವುದೇ ಇಲ್ಲ. ಇಂದು ನೋವು ತಪ್ಪಿಸಲೆಂದು ಒಂದು ಪದ ತೆಗೆಯುವುದನ್ನು ಒಪ್ಪಿದರೆ, ನಾಳೆ ಮುಜುಗರ ತಪ್ಪಿಸಿಕೊಳ್ಳಲೆಂದು ಇನ್ನೊಬ್ಬರು ಇನ್ನೊಂದನ್ನು ತೆಗೆಯುವಾಗ ಬೇಡ ಎನ್ನಲು ನಮಗೆ ಆಧಾರವಿರುವುದಿಲ್ಲ.

ಇಷ್ಟು ಹೇಳಿದ ಮೇಲೂ ಎದುರು ಪಕ್ಷದ ಒಂದು ಮಾತು ಭಾರವಾದದ್ದು. ಆ ಪದ ನನ್ನ ಮನೆಯವರತ್ತ ಎಂದೂ ತೂರಿ ಬಂದಿಲ್ಲ. ‘ಪದ ಉಳಿಯಲಿ’ ಎನ್ನುವುದು ನನಗೆ ಸುಲಭ. ತಲೆ ತಗ್ಗಿಸಿದ ಆ ಹುಡುಗಿಗೆ ಸುಲಭವಲ್ಲ. ಸಾಹಿತ್ಯದ ಸತ್ಯಕ್ಕೆ ಬೆಲೆ ತೆರುವವರು ಯಾವಾಗಲೂ ಅದೇ ಮಕ್ಕಳಾಗಬೇಕೇ?

ಇದಕ್ಕೆ ಉತ್ತರ ಹುಡುಕುವಾಗ ಬಳಕೆಯ ಪದ ಮತ್ತು ದಾಖಲೆಯ ಪದ ಎಂದು ಬೇರೆ ಮಾಡಿ ನೋಡಿದರೆ ಅನುಕೂಲ ಎಂದು ನನಗೆ ಅನಿಸಿತು. ನಾವು ದಿನವೂ ಬಳಸುವ ಪದಗಳು ಬದಲಾಗಲೇಬೇಕು. ‘ಅಂಗವಿಕಲ’ ಹೋಗಿ ‘ವಿಶೇಷ ಚೇತನ’ ಬಂದದ್ದು ಒಳ್ಳೆಯದೇ. ಜಾತಿಯ ಹೆಸರು ಹಿಡಿದು ಸಾರ್ವಜನಿಕವಾಗಿ ನಿಂದಿಸುವುದು ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ಹಾಜರಿ ಕರೆಯುವಾಗ, ಗುಂಪು ಮಾಡುವಾಗ, ಆಟದ ಮೈದಾನದಲ್ಲಿ ಅಂಥ ಪದ ಕೇಳಿದರೆ ಶಿಕ್ಷಕರು ಅಲ್ಲೇ ತಡೆಯಬೇಕು. ಅದೇ ಪದ 1933ರ ಕಾದಂಬರಿಯಲ್ಲಿ ಸಾಕ್ಷಿಯಾಗಿ ನಿಂತಿದೆ, ನೋವು ಕೊಟ್ಟವರ ವಿರುದ್ಧ ಹೇಳುತ್ತಿದೆ. ಮೈದಾನದಲ್ಲಿ ಪದವನ್ನು ತಡೆಯುವ ಶಿಕ್ಷಕರೇ ತರಗತಿಯಲ್ಲಿ ಅದರ ಸಾಕ್ಷ್ಯವನ್ನು ಕೇಳಿಸಬಹುದು. ಎರಡೂ ಒಂದೇ ಕೆಲಸದ ಭಾಗಗಳು.

ಆ ಪದದಿಂದ ನೊಂದವರೇ ಏನು ಮಾಡಿದರು ಎಂಬುದನ್ನೂ ನೋಡಬೇಕು. 1973ರಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದದ್ದು, ಅದರ ಮೇಲೆ ಎದ್ದ ಗಲಭೆ, ಅವರು ಸಚಿವ ಸ್ಥಾನ ಬಿಟ್ಟದ್ದು ಎಲ್ಲರೂ ಬಲ್ಲ ಇತಿಹಾಸ. ಆ ಸಿಟ್ಟಿನ ದಿನಗಳಲ್ಲಿ ಬೆಳೆದ ತಲೆಮಾರು ಹಳೆಯ ಪುಸ್ತಕಗಳನ್ನು ತಿದ್ದುತ್ತ ಕೂರಲಿಲ್ಲ, ತಮ್ಮದೇ ಪುಸ್ತಕಗಳನ್ನು ಬರೆಯಿತು. ಸಿದ್ಧಲಿಂಗಯ್ಯನವರು 1975ರ ತಮ್ಮ ಕವನ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದೇ ಹೆಸರಿಟ್ಟರು. ಬೈಗುಳವಾಗಿದ್ದ ಪದವನ್ನು ಮುಖಪುಟಕ್ಕೆ ತಂದರು. ಅವರು ಹುಟ್ಟಿದ ಮಂಚನಬೆಲೆ ಇರುವುದು ಇದೇ ಮಾಗಡಿಯ ಕಡೆ. ‘ಊರು ಕೇರಿ’ಯಲ್ಲಿ ಅವರು ಬರೆದ ಶ್ರೀರಾಮಪುರ ನಮ್ಮ ಮಕ್ಕಳು ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ‘ಸೂಕ್ತವಲ್ಲದ ಪದ’ ಎಂದು ಎಲ್ಲ ಪುಸ್ತಕಗಳಿಂದಲೂ ತೆಗೆಯುವ ನಿಯಮ ಮಾಡಿದರೆ ಮೊದಲು ಅಳಿಸಬೇಕಾದದ್ದು ಈ ಮುಖಪುಟವನ್ನೇ.

ಹಾಗಾದರೆ ತರಗತಿಯಲ್ಲಿ ಮಾಡಬೇಕಾದದ್ದೇನು? ನಮ್ಮ ತಂಡ ಆಮೇಲೆ ಕುಳಿತು ಚರ್ಚಿಸಿದಾಗ ಕೆಲವು ಅಂಶಗಳಿಗೆ ಬಂದೆವು. ಮೊದಲನೆಯದು, ಯಾವ ತರಗತಿಗೆ ಯಾವ ಭಾಗ ಎಂಬ ಆಯ್ಕೆ ಶಿಕ್ಷಕರಿಗೆ ಇದ್ದೇ ಇದೆ. ತಾನು ವಿವರಿಸಲು ಸಿದ್ಧನಿಲ್ಲದ ಭಾಗವನ್ನು ಅಂದು ಓದಿಸದಿರುವುದು ತಿದ್ದುಪಡಿಯಲ್ಲ. ಎರಡನೆಯದು, ಪುಟ ತೆರೆಯುವ ಮೊದಲೇ ಪದದ ಬಗ್ಗೆ ಹೇಳಬೇಕು. 1933 ಎಂದು ಹಲಗೆಯ ಮೇಲೆ ಬರೆದು, ಆಗ ಸಂವಿಧಾನದ 17ನೆಯ ವಿಧಿ ಇರಲಿಲ್ಲ, ಅಸ್ಪೃಶ್ಯತೆ ಅಪರಾಧವಾಗಿರಲಿಲ್ಲ, ಆಗ ಜನ ಹೀಗೆ ಕರೆಯುತ್ತಿದ್ದರು, ಇಂದು ಯಾರೂ ಯಾರನ್ನೂ ಹೀಗೆ ಕರೆಯುವಂತಿಲ್ಲ ಎಂದು ನೇರವಾಗಿ ತಿಳಿಸಬೇಕು. ಮೂರನೆಯದು, ಆ ಭಾಗವನ್ನು ಶಿಕ್ಷಕರೇ ಓದಬೇಕು, ಯಾವ ಮಗುವಿನಿಂದಲೂ ಓದಿಸಬಾರದು. ನಾಲ್ಕನೆಯದು, ‘ಚೋಮನ ದುಡಿ’ಯೊಂದಿಗೆ ಸಿದ್ಧಲಿಂಗಯ್ಯ ಅಥವಾ ದೇವನೂರರ ಒಂದು ಪುಟವನ್ನೂ ಇಡಬೇಕು. ಕಾರಂತರು ಹೊರಗಿನಿಂದ ನೋಡಿ ಬರೆದರು, ಇವರು ಒಳಗಿನಿಂದ ಬರೆದರು. ಎರಡನ್ನೂ ಕೇಳಿದ ಮಗುವಿಗೆ ಚೋಮನ ಮಕ್ಕಳು ಮುಂದೆ ಲೇಖನಿ ಹಿಡಿದರು ಎಂಬುದು ತಿಳಿಯುತ್ತದೆ.

ಇದಕ್ಕೆಲ್ಲ ಸಮಯ ಬೇಕು. ನಲವತ್ತು ನಿಮಿಷದ ಅವಧಿಯಲ್ಲಿ ಹತ್ತು ನಿಮಿಷ ಒಂದು ಪದಕ್ಕೇ ಹೋಗುತ್ತದೆ. ಪದ ಬದಲಿಸಿ ಓದಿದರೆ ಒಂದು ಕ್ಷಣವೂ ಬೇಡ. ಪುಸ್ತಕ ತಿದ್ದಬೇಕೆಂಬ ಆಸೆಯ ಹಿಂದೆ ಎಷ್ಟೋ ಸಲ ಇರುವುದು ಈ ಹತ್ತು ನಿಮಿಷದ ಅಭಾವ, ಜೊತೆಗೆ ಪ್ರಶ್ನೆ ಬಂದರೆ ಏನು ಹೇಳುವುದೆಂಬ ಅಂಜಿಕೆ. ಹಿರಿಯ ಶಿಕ್ಷಕಿಯ ಸಲಹೆಯ ಹಿಂದೆಯೂ ಇದ್ದದ್ದು ಅದೇ. ಅವರನ್ನು ದೂರಲಾರೆ. ಇಂಥ ಸಂದರ್ಭಕ್ಕೆ ಅವರಿಗೂ ಯಾರೂ ತರಬೇತಿ ಕೊಟ್ಟಿಲ್ಲ.

ನಮಗೆ ಕೊಡಬಹುದು. ಅದಕ್ಕಾಗಿ ಕಾಲೇಜಿನ ಮಾರ್ಗದರ್ಶಕರಲ್ಲಿ ಎರಡು ವಿನಂತಿಗಳು. ನಾವು ತುಂಬುವ ಪಾಠಯೋಜನೆಯ ನಮೂನೆಯಲ್ಲಿ ‘ಹೊಸ ಪದಗಳು’ ಎಂಬ ಅಂಕಣ ಇದೆ, ಅದರಲ್ಲಿ ಪದದ ಅರ್ಥ ಮಾತ್ರ ಬರೆಯುತ್ತೇವೆ. ಅದರ ಪಕ್ಕದಲ್ಲಿ ‘ನೋವು ತರಬಹುದಾದ ಪದಗಳು’ ಎಂದು ಇನ್ನೊಂದು ಅಂಕಣ ಸೇರಿಸಿ, ಆ ಪದವನ್ನು ಯಾರು, ಯಾರಿಗೆ, ಯಾವ ಕಾಲದಲ್ಲಿ ಹೇಳಿದ್ದು, ತರಗತಿಯಲ್ಲಿ ಹೇಗೆ ಪರಿಚಯಿಸುತ್ತೇನೆ ಎಂದು ಬರೆಯುವಂತೆ ಮಾಡಿ. ಜೊತೆಗೆ ಮುಂದಿನ ಸೂಕ್ಷ್ಮಬೋಧನೆಯ ಅಭ್ಯಾಸದಲ್ಲಿ ಒಂದು ಸುತ್ತನ್ನು ಇದಕ್ಕೇ ಮೀಸಲಿಡಿ. ಐದಾರು ನಿಮಿಷ, ಒಂದು ಕಠಿಣ ಪದ, ಎದುರಿಗೆ ನಾವೇ ವಿದ್ಯಾರ್ಥಿಗಳು. ವಿಜ್ಞಾನದವರಾದ ನಾವೂ ಭಾಗವಹಿಸುತ್ತೇವೆ. ಅನುವಂಶೀಯತೆ, ಮುಟ್ಟು, ಚರ್ಮದ ಬಣ್ಣದ ಪಾಠಗಳಲ್ಲಿ ನಮಗೂ ಅಂಥ ಪದಗಳು ಎದುರಾಗುತ್ತವೆ.